ತಪ್ಪೇ ಮಾಡದ ನಾಯಿ

"ಗುರುಗಳೇ, ನಾನು ಇಲ್ಲಿಂದ ಹೊರಟುಬಿಡ್ಲಾ?"

ಸೋಮಯ್ಯನವರು ಹಾಗೆ ಕೇಳಿದ್ದೇ ತಡ, ಪಂಕ್ತೀಲಿ ಕೂತಿದ್ದ ನಾವೆಲ್ಲ ಕಲಸಿದ ತುತ್ತನ್ನ ಕೈಯಲ್ಲೇ ಹಿಡ್ಕೊಂಡು ಅವರ ಮುಖ ನೋಡಿದ್ವಿ. ನಮ್ಮೆಲ್ಲರಿಗಿಂತ ಹಿರಿಯ ಶಿಷ್ಯರು ಅವರು, ಮಠದ ಅಡುಗೆಯೆಲ್ಲ ಅವರ ಕೈಯಲ್ಲೇ, ಅವರು ಹೋದ್ರೆ ನಮ್ಮ ಗತಿ ಏನು ಅಂತ ನಮಗೆ ದಿಗಿಲು.

ಗುರುಗಳು "ಯಾಕಯ್ಯಾ?" ಅಂದ್ರು.

"ಬಂದು ಎಷ್ಟೋ ವರ್ಷ ಆಯ್ತು. ಯಾರೂ ನನಗೇನೂ ಕಡಿಮೆ ಮಾಡಿಲ್ಲ. ಆದ್ರೂ ಇದು ನನ್ನ ಮನೆ ಅಂತ ಅನ್ನಿಸ್ತಾನೇ ಇಲ್ಲ. ಹಾಗೆ ಅನ್ನಿಸೋದಕ್ಕೆ ಇನ್ನೇನು ಮಾಡ್ಬೇಕು?"

ಗುರುಗಳು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ರು. ಆಮೇಲೆ ಈ ಕತೆ ಹೇಳಿದ್ರು.

ಒಂದೂರಲ್ಲಿ ಗಂಡ ಹೆಂಡತಿ ಇದ್ರು. ಸಂಡಿಗೆ ಮಾಡಿ ಮಾರೋದೇ ಅವರ ಕಸುಬು. ಹಿಟ್ಟು ಕಾಯಿಸೋದು, ತಾರಸಿ ಮೇಲೆ ಬಟ್ಟೆ ಹಾಸಿ ಸಾಲಾಗಿ ಇಡೋದು, ಕಾಗೆ ಓಡಿಸ್ತಾ ಬಿಸಿಲಲ್ಲಿ ಕೂರೋದು. ಕೂತೂ ಕೂತೂ ಗಂಡನಿಗೆ ಸಾಕಾಗಿ, "ಒಂದು ನಾಯಿ ತರೋಣ ಕಣೇ, ಅದು ಕಾಯ್ಲಿ" ಅಂದ.

ಯಾರ್ಯಾರೋ ಬಿಟ್ಟು ಹೋದ ನಾಯಿಗಳನ್ನ ಸಾಕೋ ಶೆಲ್ಟರ್ ಒಂದಿತ್ತು. ಇಬ್ರೂ ಅಲ್ಲಿಗೆ ಹೋದ್ರು. ಮರಿಗಳೆಲ್ಲ ಬಂದು ಮೈಮೇಲೆ ಹಾರಿದ್ವು. ಮೂತಿ ಬೆಳ್ಳಗಾಗಿದ್ದ ಒಂದು ಮುದಿ ನಾಯಿ ಮಾತ್ರ ನಿಧಾನಕ್ಕೆ ನಡ್ಕೊಂಡು ಬಂದು, ಹೆಂಗಸಿನ ಪಾದದ ಮೇಲೆ ಗದ್ದ ಇಟ್ಟು ಕಣ್ಣು ಮುಚ್ತು. ಅವಳು ಕಾಲು ಅಲ್ಲಾಡಿಸದೆ ನಿಂತುಬಿಟ್ಟಳು.

"ಇದನ್ನೇ ಕರ್ಕೊಂಡು ಹೋಗೋಣ."

"ಇದನ್ನ ಕಾಯೋದಕ್ಕೆ ಇನ್ನೊಂದು ನಾಯಿ ತರ್ಬೇಕಾಗುತ್ತೆ" ಅಂದ ಗಂಡ.

ಶೆಲ್ಟರಿನವನು ಮುಚ್ಚುಮರೆ ಮಾಡಲಿಲ್ಲ. "ಎರಡು ಮನೆಯಿಂದ ವಾಪಸ್ ಬಂದಿದೆ ಅಮ್ಮಾ. ಒಂದು ಮನೇಲಿ ಚಪ್ಪಲಿ ಕಚ್ತು ಅಂತ, ಇನ್ನೊಂದು ಮನೇಲಿ ಸೋಫಾ ಮೇಲೆ ಮಲಗ್ತು ಅಂತ. ನಿಮಗೂ ಬೇಡ ಅನ್ನಿಸಿದ್ರೆ ಇಲ್ಲಿಗೇ ತಂದ್ಬಿಡಿ, ಬೀದಿಗೆ ಮಾತ್ರ ಬಿಡ್ಬೇಡಿ."

ಮನೆಗೆ ಬಂದ ನಾಯಿ ಒಂದೂ ತಪ್ಪು ಮಾಡಲಿಲ್ಲ. ಹಾಕಿದಷ್ಟೇ ತಿಂತು, ತೋರಿಸಿದ ಗೋಣಿಚೀಲದ ಮೇಲೇ ಮಲಗ್ತು. ಸಂಡಿಗೆ ಪಕ್ಕದಲ್ಲೇ ಕೂತಿರುತ್ತೆ, ಮೂತಿ ಆ ಕಡೆ ತಿರುಗಿಸಲ್ಲ. ಹೆಂಗಸಿನ ಪಾದದ ಮೇಲೆ ತಲೆ ಇಟ್ಟಿರುತ್ತೆ, ಅವಳು ಬೆರಳು ಸ್ವಲ್ಪ ಸರಿಸಿದ್ರೂ ಸಾಕು, ಥಟ್ಟನೆ ತಲೆ ಎತ್ತಿ ದೂರ ಹೋಗಿ ಕೂರುತ್ತೆ. ಅಕ್ಕಪಕ್ಕದವರೆಲ್ಲ "ಎಂಥಾ ಒಳ್ಳೇ ನಾಯಿ" ಅಂತ ಹೊಗಳಿದ್ದೇ ಹೊಗಳಿದ್ದು. ಗಂಡನಿಗೂ ಖುಷಿ. ಹೆಂಗಸಿಗೆ ಮಾತ್ರ ದಿನದಿಂದ ದಿನಕ್ಕೆ ಅನ್ನ ಸೇರದ ಹಾಗಾಯ್ತು.

"ಗಲಾಟೆ ಇಲ್ಲ, ರಂಪ ಇಲ್ಲ. ಇನ್ನೇನಾಗ್ಬೇಕೇ ನಿನಗೆ?"

"ನೆಂಟರು ಹೀಗಿರ್ತಾರೆ ಕಣ್ರೀ. ಅದು ಇನ್ನೂ ನಮ್ಮನೇಲಿ ಹೆದರ್ಕೊಂಡೇ ಇದೆ. ಆ ಶೆಲ್ಟರಲ್ಲೇ ನೆಮ್ಮದಿಯಾಗಿತ್ತೇನೋ. ನನ್ನ ಆಸೆಗೆ ಅದನ್ನ ಯಾಕೆ ಹೀಗೆ ಇಟ್ಕೊಳ್ಳಲಿ? ನಾಳೆ ಹೋಗಿ ಬಿಟ್ಟು ಬರೋಣ."

ಹಾಗಂದವಳು ಸೆರಗಲ್ಲಿ ಕಣ್ಣೊರೆಸ್ಕೊಂಡಳು.

ಮಾರನೇ ದಿನ ಹೊರಡೋ ಹೊತ್ತಿಗೆ ನಾಯಿ ಕಾಣಿಸ್ಲಿಲ್ಲ. ತಾರಸಿಗೆ ಹೋಗಿ ನೋಡಿದ್ರೆ ಎರಡೂ ಮುಂಗಾಲು ಸಂಡಿಗೆ ಬಟ್ಟೆ ಮೇಲಿವೆ. ಒಂದು ಸಾಲು ಪೂರ್ತಿ ಖಾಲಿ, ಮೂತಿಗೆಲ್ಲ ಹಿಟ್ಟು. ಗಂಡ "ಏಯ್" ಅಂತ ಗದರಿದ. ಎಲ್ಲಿ ಹೆದರಿ ಓಡಿಬಿಡುತ್ತೋ ಅಂತ ಹೆಂಗಸು ಗಂಡನ ತೋಳು ಹಿಡಿದಳು. ನಾಯಿ ಅವನನ್ನ ನೋಡ್ತು, ಬಾಲ ಆಡಿಸ್ತು, ಆಮೇಲೆ ತಿರುಗಿ ಎರಡನೇ ಸಾಲಿಗೆ ಬಾಯಿ ಹಾಕ್ತು.

ಹೆಂಗಸು ಹೋಗಿ ಅದರ ಪಕ್ಕದಲ್ಲೇ ಕೂತು ನಗೋದಕ್ಕೆ ಶುರು ಮಾಡಿದಳು.

ಪಕ್ಕದ ತಾರಸೀಲಿ ಬಟ್ಟೆ ಒಣಗಿಸ್ತಿದ್ದ ಮುದುಕಿ, "ಮಾಲು ಹಾಳಾಗಿದ್ದಕ್ಕೆ ನಗ್ತೀಯಲ್ಲೇ, ಬಿಸಿಲು ನೆತ್ತಿಗೇರ್ತಾ?" ಅಂತ ಕೇಳಿದಳು.

"ಅರ್ಧ ಒಣಗಿದ ಸಂಡಿಗೇನ ಹೊರಗಿನವರು ಯಾರಾದ್ರೂ ಕದ್ದು ತಿಂತಾರೇನ್ ಅಜ್ಜೀ? ಮನೆ ಮಕ್ಕಳು ತಾನೇ ತಿನ್ನೋದು?"

ಆಮೇಲೆ ಗಂಡನೂ ಕೂತು, "ಈ ಕಡೇವು ಇನ್ನೂ ಹಸಿ ಇವೆ ಕಣೇ, ಇಬ್ರೂ ಆ ತುದೀವು ತಿನ್ನಿ" ಅಂದ.

ಇಷ್ಟು ಹೇಳಿ ಗುರುಗಳು ಎಲೆ ಮಡಿಚಿದ್ರು. ಸೋಮಯ್ಯನವರು "ನಾಯಿಗೇನೋ ಧೈರ್ಯ ಬಂತು ಸ್ವಾಮೀ, ಆದ್ರೆ ನಾನು..." ಅಂತ ಏನೋ ಹೇಳೋದಕ್ಕೆ ಹೋದ್ರು. ಗುರುಗಳು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟು ಕೇಳಿದ್ರು:

"ಇಷ್ಟು ವರ್ಷದಲ್ಲಿ ನಿನ್ನನ್ನ ಬಯ್ಯೋದಕ್ಕೆ ನನಗೊಂದು ಅವಕಾಶನಾದ್ರೂ ಕೊಟ್ಟಿದ್ದೀಯೇನಯ್ಯಾ, ಸೋಮಯ್ಯ?"