ದಂಡ ಕಟ್ಟಿದ ಹಾಳೆ

"ಗುರುಗಳೇ, ಏಳು ವರ್ಷಗಳಲ್ಲಿ ನನ್ನಿಂದ ಒಂದು ತಪ್ಪೂ ಆಗಿಲ್ಲ. ಕೊಟ್ರೇಶನಿಂದ ಆಗಿದೆ. ಆದರೂ ಉಗ್ರಾಣದ ಬೀಗದ ಕೈ ಅವನಿಗೆ ಹೋಯಿತು. ಏಕೆ?"

ಕೇಳಿದವನು ಗುರುಪಾದ. ಮಠದ ಶಿಷ್ಯರಲ್ಲಿ ಹಿರಿಯನು. ಕೊಟ್ರೇಶನು ಬಂದು ಮೂರು ವರ್ಷಗಳಷ್ಟೇ ಆಗಿದ್ದವು. ಹಿಂದಿನ ಮಳೆಗಾಲದಲ್ಲಿ ಅವನು ಉಗ್ರಾಣದ ಕಿಟಕಿ ಮುಚ್ಚುವುದನ್ನು ಮರೆತಿದ್ದರಿಂದ ನಾಲ್ಕು ಚೀಲ ಅಕ್ಕಿ ನೆನೆದಿತ್ತು. ಅಂದೇ ಸಂಜೆ ಗುರುಗಳ ಮುಂದೆ ನಿಂತು ತಾನೇ ಹೇಳಿದನು. ಎಂಟು ದಿನ ಅಂಗಳದಲ್ಲಿ ಅಕ್ಕಿ ಹರಡಿ ಒಣಗಿಸಿದನು. ಗುರುಪಾದನ ಕೈಯಲ್ಲಿ ಒಂದು ಲೋಟವೂ ಒಡೆದಿರಲಿಲ್ಲ. ಅಡುಗೆಮನೆ, ಕೊಟ್ಟಿಗೆ, ಉಗ್ರಾಣ, ಇವುಗಳ ಹೊಣೆ ಅವನ ಪಾಲಿಗೆ ಬಂದಾಗಲೆಲ್ಲ ನಯವಾಗಿ ಇನ್ನೊಬ್ಬರಿಗೆ ದಾಟಿಸಿದ್ದನು.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಅವನು ಕುಳಿತ ಮೇಲೆ ಈ ಕತೆಯನ್ನು ಹೇಳಿದರು.

ಒಬ್ಬ ಬಳೆಗಾರನಿದ್ದನು. ಸುತ್ತಿನ ಹದಿನಾರು ಹಳ್ಳಿಗಳು ಅವನವು. ವಾರದ ಇಂಥ ದಿನ ಇಂಥ ಹಳ್ಳಿ ಎಂದು ಗೊತ್ತುಮಾಡಿಕೊಂಡಿದ್ದನು. ಆ ದಿನ ತಪ್ಪುತ್ತಿರಲಿಲ್ಲ. ಮೊದಲು ಬಳೆಗಳ ಹೊರೆಯಾದ ಮಲಾರವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನು. ಆಮೇಲೆ ಮೊಪೆಡ್ ಕೊಂಡನು. ಅವನ ಕಸುಬಿಗೆ ಒಂದು ಕಟ್ಟಳೆಯಿದೆ. ತೊಡಿಸುವಾಗ ಬಳೆ ಒಡೆದರೆ ಆ ನಷ್ಟ ಬಳೆಗಾರನದು. ಹೆಂಗಸಿನಿಂದ ಅದಕ್ಕೆ ಕಾಸು ಕೇಳುವಂತಿಲ್ಲ. ಚೂರುಗಳನ್ನು ಪಕ್ಕಕ್ಕೆ ಸರಿಸಿ ಇನ್ನೊಂದನ್ನು ತೊಡಿಸಬೇಕು. ಅವನು ಇದನ್ನು ಒಮ್ಮೆಯೂ ಮೀರಲಿಲ್ಲ.

ಅವನಿಗೆ ಒಂದೇ ಹೆಮ್ಮೆ. ಅವನು ಸಾಲ ಮಾಡಿದವನಲ್ಲ. ಪಟ್ಟಣದ ಅಂಗಡಿಯಲ್ಲಿ ಹಣ ಎಣಿಸಿಟ್ಟ ಮೇಲೆಯೇ ಸರಕು ಎತ್ತುತ್ತಿದ್ದನು. ಮೊಪೆಡ್ಡನ್ನೂ ಪೂರ್ತಿ ಹಣ ಕೊಟ್ಟೇ ತಂದನು. ಇಪ್ಪತ್ತಾರು ವರ್ಷಗಳ ಕಸುಬಿನಲ್ಲಿ ಯಾರ ಸಾಲದ ಪುಸ್ತಕಕ್ಕೂ ಅವನ ಹೆಸರು ಹತ್ತಲಿಲ್ಲ.

ಅವನ ಹೆಂಡತಿ ರವಿಕೆ ಹೊಲಿಯುತ್ತಿದ್ದಳು. ಊರಿನ ಹನ್ನೆರಡು ಹೆಂಗಸರು ಸೇರಿ ಕಟ್ಟಿಕೊಂಡಿದ್ದ ಉಳಿತಾಯ ಸಂಘದಲ್ಲಿ ಅವಳೂ ಒಬ್ಬಳು. ಪ್ರತಿ ಸೋಮವಾರ ಶಾಲೆಯ ಜಗಲಿಯಲ್ಲಿ ಅವರು ಕೂಡುತ್ತಿದ್ದರು. ಉಳಿತಾಯ ಕಟ್ಟುವರು. ಬೇಕಾದವರು ಸಾಲ ಪಡೆಯುವರು. ಪಡೆದವರು ವಾರವಾರವೂ ಕಂತು ಕಟ್ಟುವರು. ಎಲ್ಲವನ್ನೂ ಬರೆಯುವರು. ಹನ್ನೊಂದು ವರ್ಷಗಳಲ್ಲಿ ಅವಳು ಎಂಟು ಸಲ ಸಾಲ ಪಡೆದು ಎಂಟು ಸಲವೂ ತೀರಿಸಿದ್ದಳು. ಹೊಲಿಗೆ ಯಂತ್ರ ಬಂದದ್ದು ಆ ಹಣದಿಂದಲೇ.

ಬಳೆಗಾರನಿಗೆ ಸಂಘವೆಂದರೆ ತಮಾಷೆ. ಹತ್ತು ರೂಪಾಯಿ ಎಣಿಸುವುದಕ್ಕೆ ಹನ್ನೆರಡು ಮಂದಿ, ಅದಕ್ಕೊಂದು ಪುಸ್ತಕ, ಪುಸ್ತಕಕ್ಕೊಂದು ಮೊಹರು ಎಂದು ಬಾಗಿಲಲ್ಲೇ ನಿಂತು ಆಡಿಕೊಳ್ಳುತ್ತಿದ್ದನು. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವಳು.

ಅವನ ತಮಾಷೆ ನಿಂತದ್ದು ಒಂದೇ ಸಲ. ಒಂದು ವರ್ಷ ಅವನಿಗೆ ಕಾಮಾಲೆಯಾಯಿತು. ಒಂದು ತಿಂಗಳು ಹಾಸಿಗೆ ಹಿಡಿದನು. ಆಗ ಹೆಂಡತಿಯ ನಾಲ್ಕನೆಯ ಸಾಲ ನಡೆಯುತ್ತಿತ್ತು. ಎರಡು ವಾರ ಕಂತು ತಪ್ಪಿತು. ಮೂರನೆಯ ವಾರ ಮೂರು ಕಂತುಗಳನ್ನೂ ನಲವತ್ತು ರೂಪಾಯಿ ದಂಡವನ್ನೂ ಒಟ್ಟಿಗೆ ಕಟ್ಟಿದಳು. ಸಂಘದ ನಿಯಮದಂತೆ ತಪ್ಪಿದ ವಾರಗಳನ್ನೂ ದಂಡವನ್ನೂ ಅವಳ ಪಾಸ್‌ಪುಸ್ತಕದ ಇಪ್ಪತ್ಮೂರನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಬಳೆಗಾರನು ಎದ್ದು ಓಡಾಡುವಂತಾದ ಮೇಲೆ ಆ ಪುಟವನ್ನು ನೋಡಿದನು. ಎರಡು ದಿನ ಹೆಂಡತಿಯೊಡನೆ ಮಾತು ಬಿಟ್ಟನು. ತನ್ನ ಮನೆತನಕ್ಕೆ ಮಸಿ ಹತ್ತಿತು ಎಂದು ಅವನ ಎಣಿಕೆ.

ಹೀಗಿರಲು ಒಂದು ದಿನ ಮನೆಯ ಒಡೆಯನು ಬಂದನು. ಬಳೆಗಾರನು ಆ ಮನೆಯಲ್ಲಿ ಹದಿನಾಲ್ಕು ವರ್ಷಗಳಿಂದ ಬಾಡಿಗೆಗಿದ್ದನು. ಎರಡು ಕೋಣೆ, ಮುಂದೊಂದು ಪಡಸಾಲೆ. ಒಡೆಯನು ಅದನ್ನು ಮಾರಲು ನಿಶ್ಚಯಿಸಿದ್ದನು. ಗೊಬ್ಬರದ ವ್ಯಾಪಾರಿಯೊಬ್ಬನು ಗೋದಾಮಿಗೆಂದು ಕೇಳಿದ್ದನು. ಆದರೂ ಇಷ್ಟು ವರ್ಷ ತಕರಾರಿಲ್ಲದೆ ಬಾಡಿಗೆ ಕೊಟ್ಟವನೆಂದು ಬಳೆಗಾರನಿಗೇ ಮೊದಲು ಹೇಳಿದನು. ಬೆಲೆ ಎಂಟು ಲಕ್ಷ. ಗಡುವು ಮೂರು ತಿಂಗಳು. ಗಡುವಿನೊಳಗೆ ಹಣ ಬಾರದಿದ್ದರೆ ಮನೆ ಗೋದಾಮಾಗುತ್ತದೆ.

ಅಂಚೆ ಕಚೇರಿಯಲ್ಲಿ ಮೂರು ಲಕ್ಷವಿತ್ತು. ಇನ್ನೂ ಐದು ಲಕ್ಷ ಬೇಕಾಗಿತ್ತು. ಬಳೆಗಾರನು ಜೀವನದಲ್ಲಿ ಮೊದಲ ಸಲ ಸಾಲ ಕೇಳಲು ಹೊರಟನು.

ಬ್ಯಾಂಕಿನಲ್ಲಿ ಸಂಬಳದ ಚೀಟಿ ಕೇಳಿದರು. ಅವನಿಗೆ ಸಂಬಳವಿರಲಿಲ್ಲ. ತೆರಿಗೆಯ ಕಾಗದ ಕೇಳಿದರು. ಅದೂ ಇರಲಿಲ್ಲ. ಹಿಂದೆ ಪಡೆದ ಸಾಲಗಳ ವಿವರ ಕೇಳಿದರು. ಪಡೆದೇ ಇಲ್ಲವೆಂದು ಅವನು ಎದೆಯುಬ್ಬಿಸಿ ಹೇಳಿದನು. ಅವರು ಕಂಪ್ಯೂಟರಿನಲ್ಲಿ ಅವನ ಹೆಸರನ್ನು ಹುಡುಕಿದರು. ಸಿಗಲಿಲ್ಲ. ಇಂದು ಬಾ, ನಾಳೆ ಬಾ ಎಂದು ಅಲೆಯುವುದರಲ್ಲಿ ಆರು ವಾರ ಕಳೆಯಿತು. ಕೊನೆಗೆ ಆಗುವುದಿಲ್ಲ ಎಂದರು.

ಪಟ್ಟಣದ ಬಡ್ಡಿ ವ್ಯಾಪಾರಿಯೊಬ್ಬನು ಅಂದೇ ಕೊಡುತ್ತೇನೆಂದನು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಹೆಂಡತಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ಬಡ್ಡಿಯೇ ತಿಂಗಳಿಗೆ ಹದಿನೈದು ಸಾವಿರ. ಮನೆ ಕೊಂಡು ಅದರೊಳಗೆ ಉಪವಾಸ ಕೂರುವುದಕ್ಕೆ ಇಷ್ಟು ದುಡಿಯಬೇಕೆ ಎಂದು ಕೇಳಿದಳು. ಆ ಮಾತು ಅಲ್ಲಿಗೆ ಮುಗಿಯಿತು.

ಇನ್ನೊಂದು ದಾರಿಯನ್ನು ಹೇಳಿದವಳೂ ಅವಳೇ. ಸಂಬಳದ ಚೀಟಿಯಿಲ್ಲದವರಿಗೂ ಮನೆ ಸಾಲ ಕೊಡುವ ಸಂಸ್ಥೆಯೊಂದು ತಾಲ್ಲೂಕಿನಲ್ಲಿ ಕಚೇರಿ ತೆರೆದಿತ್ತು. ಬಡ್ಡಿ ಬ್ಯಾಂಕಿಗಿಂತ ಹೆಚ್ಚು, ಬಡ್ಡಿ ವ್ಯಾಪಾರಿಗಿಂತ ಬಹಳ ಕಡಿಮೆ. ಹದಿನೈದು ವರ್ಷಗಳ ಅವಧಿ. ಕಂತು ತಿಂಗಳಿಗೆ ಆರೂವರೆ ಸಾವಿರದ ಆಸುಪಾಸು. ಇಬ್ಬರೂ ದುಡಿದರೆ ಕಟ್ಟಬಹುದಾದ ಮೊತ್ತ.

ಆ ಕಚೇರಿಯ ಅಧಿಕಾರಿ ಒಬ್ಬ ಹೆಣ್ಣುಮಗಳು. ಅವಳು ಬಳೆಗಾರನ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು:

"ಯಜಮಾನರೇ, ನೀವು ತೀರಿಸುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ತೀರಿಸುತ್ತೀರಿ ಎನ್ನಲು ನನ್ನ ಮುಂದೆ ಏನಿದೆ, ಅದನ್ನು ಹೇಳಿ."

ಬಳೆಗಾರನ ಹತ್ತಿರ ತೋರಿಸಲು ಒಂದು ಕಾಗದವೂ ಇರಲಿಲ್ಲ. ಹೆಂಡತಿಯ ಹೆಸರಿನಲ್ಲಿ ಸಂಘದ ಪಾಸ್‌ಪುಸ್ತಕವಿದ್ದರೆ ತನ್ನಿ, ಅದನ್ನು ನಾವು ಒಪ್ಪುತ್ತೇವೆ ಎಂದು ಅವಳೇ ದಾರಿ ತೋರಿದಳು. ಗುರುವಾರ ಇಬ್ಬರೂ ಬರಬೇಕೆಂದು ಹೇಳಿ ಕಳುಹಿಸಿದಳು.

ಬುಧವಾರ ಬಳೆಗಾರನು ಪೆಟ್ಟಿಗೆಯಿಂದ ಪಾಸ್‌ಪುಸ್ತಕ ತೆಗೆದನು. ಹೆಂಡತಿ ನೀರಿಗೆ ಹೋಗಿದ್ದಳು. ಒಂದೊಂದೇ ಪುಟ ತಿರುವಿದನು. ನೀಲಿ ಶಾಯಿ, ಸಾಲುಸಾಲು ಸಹಿ, ಒಪ್ಪವಾದ ಮೊಹರು. ಇದನ್ನೇ ತಾನು ಆಡಿಕೊಂಡದ್ದು ಎಂದು ಒಂದು ಗಳಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಇಪ್ಪತ್ಮೂರನೆಯ ಪುಟ ಬಂತು. ಅಧಿಕಾರಿ ಈ ಕೆಂಪು ಗೆರೆಯನ್ನು ಕಂಡರೆ ಮುಗಿಯಿತು ಎಂದುಕೊಂಡನು. ಹರಿದರೆ ಗುರುತು ಸಿಗುತ್ತದೆ. ಅವನದು ಅಚ್ಚುಕಟ್ಟಿನ ಕೈ. ಸ್ಕೇಲು ಇಟ್ಟು, ಬ್ಲೇಡು ಹಿಡಿದು, ಹೊಲಿಗೆಯ ಪಕ್ಕಕ್ಕೇ ಆ ಹಾಳೆಯನ್ನು ಕತ್ತರಿಸಿ ತೆಗೆದು ಒಲೆಗೆ ಹಾಕಿದನು. ಹೆಂಡತಿಗೆ ಹೇಳಲಿಲ್ಲ.

ಗುರುವಾರ ಅಧಿಕಾರಿ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತ ಬಂದಳು. ಒಂದು ಕಡೆ ನಿಂತಳು. ಇಪ್ಪತ್ತೆರಡರ ಮುಂದೆ ಇಪ್ಪತ್ತೈದಿದೆ, ನಡುವಿನ ಹಾಳೆ ಏನಾಯಿತು ಎಂದು ಕೇಳಿದಳು.

"ಇಲಿ ತಿಂದಿತು, ಮೇಡಂ."

"ನಿಮ್ಮ ಮನೆಯ ಇಲಿ ಸ್ಕೇಲು ಇಟ್ಟುಕೊಂಡು ತಿನ್ನುತ್ತದೆಯೇ?"

ಬಳೆಗಾರನು ತಲೆ ತಗ್ಗಿಸಿದನು. ಹೆಂಡತಿ ಅವನ ಮುಖವನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. ಅಲ್ಲಿ ಗಂಡನನ್ನು ಬೈಯಲಿಲ್ಲ. ಆ ಹಾಳೆಯಲ್ಲಿ ಏನಿತ್ತೆಂದು ಅಧಿಕಾರಿಗೆ ತಾನೇ ಹೇಳಿದಳು: ತಪ್ಪಿದ ವಾರಗಳು, ಕಾಮಾಲೆ, ಮೂರು ಕಂತು, ನಲವತ್ತು ರೂಪಾಯಿ.

ಬಾಯಿಮಾತು ತನಗೆ ಸಾಲದೆಂದು ಅಧಿಕಾರಿ ಹೇಳಿದಳು. ಹಾಳೆ ಕತ್ತರಿಸಿದ ಪುಸ್ತಕವನ್ನು ಮೇಲಿನವರಿಗೆ ಕಳುಹಿಸಲಾಗುವುದಿಲ್ಲ. ಅರ್ಜಿಯನ್ನು ಪಕ್ಕಕ್ಕಿಟ್ಟಳು. ಎಲ್ಲರ ಲೆಕ್ಕವೂ ಇರುವ ಸಂಘದ ದೊಡ್ಡ ಪುಸ್ತಕವನ್ನು ತಾನೇ ಬಂದು ನೋಡಬೇಕು, ಬಿಡುವಾಗುವುದು ಮುಂದಿನ ವಾರವಲ್ಲ, ಅದರಾಚೆಯ ಸೋಮವಾರ ಎಂದಳು. ಗಡುವಿಗೆ ಆಗ ಉಳಿದಿದ್ದದ್ದು ಇಪ್ಪತ್ತೇಳು ದಿನ.

ಆ ಸೋಮವಾರ ಅಧಿಕಾರಿ ಶಾಲೆಯ ಜಗಲಿಗೆ ಬಂದಳು. ಬಳೆಗಾರನೂ ಬರಬೇಕಾಯಿತು. ತಾನು ಆಡಿಕೊಂಡಿದ್ದ ಹನ್ನೆರಡು ಹೆಂಗಸರ ಮುಂದೆ ನಿಂತನು. ಅವರಲ್ಲಿ ಅವನಿಂದ ಬಳೆ ತೊಡದ ಕೈ ಒಂದೂ ಇರಲಿಲ್ಲ. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಬಂದು ಕುಳಿತಿತ್ತು. ಸಂಘದ ಅಧ್ಯಕ್ಷೆ ದೊಡ್ಡ ಪುಸ್ತಕವನ್ನು ಬಿಚ್ಚುತ್ತ ಹೇಳಿದಳು:

"ಬಳೆಗಾರಣ್ಣ, ನಮ್ಮ ಪುಸ್ತಕಕ್ಕೆ ಇನ್ನೂ ಇಲಿ ಬಂದಿಲ್ಲ. ಬಂದರೂ ಅದರ ಹತ್ತಿರ ಬ್ಲೇಡು ಇರುವುದಿಲ್ಲ."

ಹೆಂಗಸರು ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ಅಧಿಕಾರಿ ಆ ಎರಡು ವಾರಗಳ ಬರಹವನ್ನು ಹುಡುಕಿದಳು. ಕಂತು ಇಲ್ಲ ಎಂದು ಕೆಂಪಿನಲ್ಲಿ ಬರೆದಿತ್ತು. ಅದರ ಪಕ್ಕದಲ್ಲಿ, ಹಾಜರಿಯ ಸಾಲಿನಲ್ಲಿ, ಎರಡು ವಾರವೂ ಬಳೆಗಾರನ ಹೆಂಡತಿಯ ಸಹಿಯಿತ್ತು. ಹಣವಿಲ್ಲದ ದಿನ ಏಕೆ ಬಂದಿದ್ದಳು ಎಂದು ಅಧಿಕಾರಿ ಕೇಳಿದಳು. ಅಧ್ಯಕ್ಷೆ ವಿವರಿಸಿದಳು. ಕಂತು ತಪ್ಪಿದವರು ಆ ವಾರ ಸಭೆಗೆ ಮುಖ ತೋರಿಸುವುದಿಲ್ಲ. ಅದು ಎಲ್ಲ ಕಡೆಯ ರೂಢಿ. ಇವಳು ಬರಿಗೈಯಲ್ಲಿ ಬಂದಳು. ಗಂಡ ಮಲಗಿದ್ದಾನೆ, ಇಂದು ಹಣವಿಲ್ಲ, ಬರೆದುಕೊಳ್ಳಿ ಎಂದು ಹೇಳಿ, ಸಭೆ ಮುಗಿಯುವ ತನಕ ಕುಳಿತಿದ್ದು ಹೋದಳು. ಮೂರನೆಯ ವಾರ ರಾಶಿ ರವಿಕೆ ಹೊಲಿದು ಹಣ ತಂದಳು.

ಅಧಿಕಾರಿ ಅದನ್ನು ತನ್ನ ಕಾಗದದಲ್ಲಿ ಬರೆದುಕೊಂಡಳು. ಬೇರೆ ಯಾವ ಪುಟಕ್ಕೂ ಅಷ್ಟು ಹೊತ್ತು ಬರೆದಿರಲಿಲ್ಲ. ಆಮೇಲೆ ಬಳೆಗಾರನ ಕಡೆ ತಿರುಗಿದಳು.

"ನೀವು ಒಲೆಗೆ ಹಾಕಿದ ಹಾಳೆಯೇ ನನಗೆ ಬೇಕಾಗಿದ್ದದ್ದು. ಎಲ್ಲ ಸರಿಯಿದ್ದಾಗ ಯಾರಾದರೂ ಕಟ್ಟುತ್ತಾರೆ. ನನ್ನ ಸಾಲ ಹದಿನೈದು ವರ್ಷದ್ದು. ಅಷ್ಟರೊಳಗೆ ಒಮ್ಮೆಯಾದರೂ ಮನೆಯಲ್ಲಿ ಯಾರೋ ಒಬ್ಬರು ಹಾಸಿಗೆ ಹಿಡಿಯುತ್ತಾರೆ. ಆಗ ಏನು ಮಾಡುತ್ತೀರಿ ಎಂಬುದು ಉಳಿದ ಯಾವ ಪುಟದಲ್ಲೂ ಇಲ್ಲ."

ಸಾಲ ಮಂಜೂರಾಯಿತು. ಹೆಂಡತಿಯ ಹೆಸರಿನಲ್ಲಿ ಆಯಿತು. ಬಳೆಗಾರನು ಅವಳ ಕೆಳಗೆ ಸಹಿ ಹಾಕಿದನು. ಹಣ ಕೈಗೆ ಬರುವಾಗ ಗಡುವು ಮುಗಿದು ಆರು ದಿನಗಳಾಗಿದ್ದವು. ಗೊಬ್ಬರದ ವ್ಯಾಪಾರಿ ಅಷ್ಟರಲ್ಲಿ ಬೆಲೆ ಏರಿಸಿದ್ದನು. ಹಳೆಯ ಬಾಡಿಗೆದಾರನೆಂದು ಮನೆಯೊಡೆಯನು ಬಳೆಗಾರನಿಗೇ ಕೊಡಲು ಒಪ್ಪಿದನು. ಆದರೆ ಇಪ್ಪತ್ತು ಸಾವಿರ ಹೆಚ್ಚಿಗೆ ಕೇಳಿದನು. ಬಳೆಗಾರನು ಮೊಪೆಡ್ ಮಾರಿ ಅದನ್ನು ತುಂಬಿದನು. ಒಂದು ಹಾಳೆಗೆ ತೆತ್ತ ಬೆಲೆ ಅದು. ಮುಂದೆ ಎರಡು ವರ್ಷ ಮಲಾರವನ್ನು ಮತ್ತೆ ಹೆಗಲ ಮೇಲೆ ಹೊತ್ತು ಹದಿನಾರು ಹಳ್ಳಿಗಳನ್ನು ನಡೆದನು.

ಮನೆ ನೋಂದಣಿಯಾದ ದಿನ ಇಬ್ಬರೂ ಕಚೇರಿಯಿಂದ ನಡೆದು ಬರುತ್ತಿದ್ದರು. ಕೆಂಪು ಗೆರೆ ಕಂಡು ಸಾಲ ಕೊಟ್ಟವರಿದ್ದಾರೆಂದು ತಾನು ಎಲ್ಲೂ ಕೇಳಿಲ್ಲ ಎಂದು ಬಳೆಗಾರನು ಹೇಳಿದನು. ಹೆಂಡತಿ ನಿಲ್ಲದೆ ಹೇಳಿದಳು:

"ತೊಡಿಸುವಾಗ ನಿಮ್ಮ ಕೈಯಲ್ಲಿ ಬಳೆ ಒಡೆಯುವುದಿಲ್ಲ ಎಂದು ಯಾವ ಹೆಂಗಸೂ ನಂಬಿಲ್ಲ. ಒಡೆದರೆ ಬೇರೆಯದು ತೊಡಿಸುತ್ತೀರಿ ಎಂದು ಎಲ್ಲರೂ ಕಂಡಿದ್ದಾರೆ. ಅದಕ್ಕೇ ನಿಮ್ಮ ಮುಂದೆ ಕೂರುತ್ತಾರೆ."

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಉತ್ತರ ತನಗೆ ಅನುಕೂಲವಾಗಿಲ್ಲವೆಂದು ಗುರುಪಾದನಿಗೆ ತಿಳಿದಿತ್ತು. ಆದರೂ ಹಟ ಬಿಡದೆ ಕೇಳಿದನು: "ಹಾಗಾದರೆ ನಿಮ್ಮ ನಂಬಿಕೆ ಗಳಿಸಲು ನಾನೂ ಒಂದು ತಪ್ಪು ಮಾಡಬೇಕೆ, ಗುರುಗಳೇ?"

ಗುರುಗಳು ಎದ್ದು ನಿಂತರು. ಅವರು ಹೇಳಿದ್ದು ಒಂದೇ ಮಾತು.

"ತಪ್ಪು ಮಾಡಬೇಡ, ಒಡೆಯಬಹುದಾದ ಯಾವುದನ್ನಾದರೂ ಇಂದೇ ಕೈಗೆ ತೆಗೆದುಕೊ."