ಒಡ್ಡಿನ ಮಣ್ಣು

ಒಂದು ಕಾಡಿನಲ್ಲಿ ಒಂದು ಹೊಳೆ ಇತ್ತು. ವರ್ಷದಲ್ಲಿ ಎಂಟು ತಿಂಗಳು ಅದು ಸಾಧು ಹಸು. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಅದರ ಹತ್ತಿರ ಹೋಗುವ ಧೈರ್ಯ ಹುಲಿಗೂ ಇರಲಿಲ್ಲ. ಆದರೆ ನೆರೆ ಇಳಿದ ಮೇಲೆ ದಡದ ತುಂಬ ಕಪ್ಪು ಮೆಕ್ಕಲು ಮಣ್ಣು ಬಿಟ್ಟು ಹೋಗುತ್ತಿತ್ತು. ಅದರಲ್ಲಿ ಒಂದು ಹೆಸರುಕಾಳು ಜಾರಿ ಬಿದ್ದರೂ ಸಾಕು, ಗಿಡದ ತುಂಬ ಕಾಯಿ!

ಆ ಮಣ್ಣಿನ ಆಸೆಗೆ ಪ್ರಾಣಿಗಳು ಬಂದು ಹೊಳೆಯ ಪಕ್ಕದಲ್ಲೇ ನೆಲೆ ನಿಂತವು. ಮೊದಮೊದಲು ಎಲ್ಲವೂ ಎಲ್ಲ ಕೆಲಸಕ್ಕೂ ಕೈ ಹಾಕುತ್ತಿದ್ದವು. ಕೋಣ ಬುಟ್ಟಿ ಹೆಣೆಯಲು ಕೂತು ಕೋಡಿಗೆ ಬಳ್ಳಿ ಸುತ್ತಿಕೊಂಡಿತು. ಗೀಜಗ ನೆಲ ಹದ ಮಾಡಲು ಹೋಗಿ ಕೆಸರಲ್ಲಿ ಹೂತು ಹೋಯಿತು. ನಕ್ಕು ನಕ್ಕು ಸಾಕಾದ ಮೇಲೆ ಬುದ್ಧಿ ಬಂತು. ಕೋಣ ನೆಲ ತುಳಿಯಲಿ, ಹೆಗ್ಗಣ ಕಾಲುವೆ ತೋಡಲಿ, ಗೀಜಗ ಬುಟ್ಟಿ ಹೆಣೆಯಲಿ, ಮೊಲ ಕಳೆ ಕೀಳಲಿ ಎಂದು ಕೆಲಸ ಹಂಚಿಕೊಂಡವು. ಎಲ್ಲರ ಹೊಟ್ಟೆ ತುಂಬಿತು. ಮಿಕ್ಕ ಕಾಳಿಗೆ ಒಂದು ಕಣಜ ಕಟ್ಟಿದವು.

ನೆರೆ ಬಂದಾಗ ನೆಲೆ ಉಳಿಯಬೇಕಲ್ಲ? ಅದಕ್ಕೆ ಹೊಳೆಗೂ ಮನೆಗಳಿಗೂ ನಡುವೆ ಉದ್ದಕ್ಕೆ ಒಂದು ಮಣ್ಣಿನ ಒಡ್ಡು ಹಾಕಿದವು. ಹೀಗೆ ಆ ನೆಲೆಗೆ ಒಡ್ಡಿನಕೇರಿ ಎಂದೇ ಹೆಸರಾಯಿತು.

ಒಡ್ಡನ್ನು ನೋಡಿಕೊಳ್ಳುತ್ತಿದ್ದದ್ದು ಆಮೆಯಜ್ಜಿ. ಕೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಳೆಗಾಲ ಕಂಡ ಜೀವ ಅದು. ಒಡ್ಡಿನ ಬುಡದಲ್ಲಿ ಒಂದು ಉದ್ದನೆಯ ಕಲ್ಲು ನಿಲ್ಲಿಸಿ, ಪ್ರತಿ ನೆರೆಯ ನೀರು ಎಲ್ಲಿಯವರೆಗೆ ಬಂತೋ ಅಲ್ಲಿಗೆ ಉಗುರಿನಿಂದ ಒಂದು ಗೆರೆ ಕೊರೆಯುತ್ತಿತ್ತು. ಒಡ್ಡು ಯಾವಾಗಲೂ ಮೇಲಿನ ಗೆರೆಗಿಂತ ಎತ್ತರ ಇರಬೇಕು. ಅದಕ್ಕೊಂದು ಕಟ್ಟಳೆ ಇತ್ತು. ಪ್ರತಿ ಅಮಾವಾಸ್ಯೆಯ ದಿನ ಒಂದೊಂದು ಮನೆಯೂ ಒಡ್ಡಿಗೆ ಒಂದು ಬುಟ್ಟಿ ಮಣ್ಣು ಹಾಕಬೇಕು, ಆಮೇಲೇ ಬಾಯಿಗೆ ತುತ್ತು. ಬಸುರಿ ಇರಲಿ, ಮುದಿ ಇರಲಿ, ಒಂದು ಹಿಡಿಯನ್ನಾದರೂ ಹಾಕಲೇಬೇಕು.

ಹೀಗೇ ಎಷ್ಟೋ ವರ್ಷ ನಡೆಯಿತು. ಎಷ್ಟೋ ವರ್ಷ ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಮುಂದೆ ಮುಳುವಾಯಿತು, ನೋಡಿ.

ಒಂದು ಚಳಿಗಾಲದಲ್ಲಿ ಕೆಂಚ ಎಂಬ ನರಿ ಕೇರಿಗೆ ಬಂತು. ಹಣೆಗೆ ಹೊಳೆಯ ಕೆಸರು ಬಳಿದುಕೊಂಡಿತ್ತು. ತಾನು ಮಾಂಸ ಬಿಟ್ಟಿದ್ದೇನೆ ಎಂದಿತು. ನರಿ ಮಾಂಸ ಬಿಟ್ಟಿತಂತೆ! ಹೇಳುವವರಿಗೆ ನಾಚಿಕೆ ಇಲ್ಲದಿದ್ದರೆ ಕೇಳುವವರಿಗೆ ಬುದ್ಧಿ ಬೇಡವೇ? ಆದರೆ ಕೇರಿಯವು ನಂಬಿದವು.

ಮೊದಲ ಅಮಾವಾಸ್ಯೆಗೆ ನರಿ ಒಡ್ಡಿನ ಮೇಲೆ ಕೂತು, ಬುಟ್ಟಿ ಹೊತ್ತು ಏದುಸಿರು ಬಿಡುತ್ತಿದ್ದ ಕೋಣವನ್ನು ನೋಡಿತು.

"ಗುಡ್ಡಯ್ಯ, ಈ ಕಷ್ಟ ಯಾಕಪ್ಪ?"

"ನೆರೆ ಬರುತ್ತಲ್ಲ ಸ್ವಾಮಿ."

"ಅಯ್ಯೋ ಮರುಳೇ! ಹೊಳೆಯಮ್ಮ ಮಣ್ಣಿಗೆ ಹೆದರುತ್ತಾಳಾ? ಅವಳಿಗೆ ಬೇಕಾದದ್ದು ಭಕ್ತಿ. ಮಣ್ಣು ಹೊರಬೇಡಿ. ಮನೆಗೊಂದು ಬೊಗಸೆ ಹೆಸರುಕಾಳು ನನ್ನ ಕೈಗೆ ಕೊಡಿ. ನಾನು ಅವಳ ಹತ್ತಿರ ಮಾತಾಡುತ್ತೇನೆ."

ಕೋಣ ಬುಟ್ಟಿಯನ್ನು ಕೆಳಗಿಟ್ಟಿತು. ಅದರ ಹಿಂದೆ ಮೊಲ ಇಟ್ಟಿತು. ಬೆನ್ನು ನೋವಿಲ್ಲದೆ ಪುಣ್ಯ ಸಿಗುತ್ತದೆ ಎಂದರೆ ಬೇಡ ಎನ್ನುವವರು ಯಾರು?

ಕಾಳು ಬಂದು ಬಂದು ಕಣಜ ಸಾಲದಾಯಿತು. ದೇವರ ಕಾಳು ತಗ್ಗಿನಲ್ಲಿ ಇರಬಾರದು ಎಂದು ನರಿ ಅಪ್ಪಣೆ ಮಾಡಿತು. ಊರ ನಡುವೆ ಎತ್ತರದ ದಿಬ್ಬ ಆಗಬೇಕು, ಅದರ ಮೇಲೆ ಕಿಟಕಿ ಇಲ್ಲದ ದೊಡ್ಡ ಕಣಜ. ಒಂದೇ ಬಾಗಿಲು, ಒಳಕ್ಕೆ ತೆರೆಯುವಂಥದ್ದು, ಅಗಳಿ ಒಳಗಡೆ. ದಿಬ್ಬಕ್ಕೆ ಅಷ್ಟು ಮಣ್ಣು ಎಲ್ಲಿಂದ ತರುವುದು ಎಂದು ಹೆಗ್ಗಣಗಳು ಕೇಳಿದವು.

"ಒಡ್ಡಿನಲ್ಲಿ ರಾಶಿ ಬಿದ್ದಿದೆಯಲ್ಲ, ಸುಮ್ಮನೆ!" ಎಂದಿತು ನರಿ.

ಹೆಗ್ಗಣಗಳಲ್ಲಿ ಮಣ್ಣಕ್ಕ ಎಂಬುದೊಂದು ಇತ್ತು. ತೋಡುವುದರಲ್ಲಿ ಎತ್ತಿದ ಕೈ. ಅದರ ಬಿಲ ಇದ್ದದ್ದು ಒಡ್ಡಿನ ಬುಡದಲ್ಲೇ, ಗೆರೆಕಲ್ಲಿನ ಪಕ್ಕದಲ್ಲಿ. ಒಳಗೆ ಆಗ ತಾನೇ ಹಾಕಿದ ನಾಲ್ಕು ಮರಿಗಳಿದ್ದವು. ತನ್ನ ಮರಿಗಳ ತಲೆಯ ಮೇಲಿನ ಒಡ್ಡನ್ನೇ ಮಣ್ಣಕ್ಕ ಕೆರೆದು ದಿಬ್ಬಕ್ಕೆ ಹೊತ್ತಿತು. ಪ್ರತಿ ಬುಟ್ಟಿಗೂ ಮೊದಲು ಬಿಲದೊಳಗೆ ಇಣುಕಿ ಮರಿಗಳನ್ನು ನೋಡಿತು. ಆದರೂ ಹೊತ್ತಿತು.

ಒಂದು ದಿನ ಆಮೆಯಜ್ಜಿ ತೆವಳಿಕೊಂಡು ದಿಬ್ಬದ ಹತ್ತಿರ ಬಂತು. ಎಲ್ಲವೂ ಅಲ್ಲೇ ಕೆಲಸದಲ್ಲಿದ್ದವು.

"ಏನ್ರೋ ಇದು? ಒಡ್ಡು ಈಗ ಕಲ್ಲಿನ ಮೂರನೇ ಗೆರೆಗಿಂತ ಕೆಳಗಿದೆ. ಹೊಳೆಗೆ ಕಿವಿ ಇಲ್ಲ ಕಣ್ರೋ, ಇವನ ಮಾತು ಕೇಳೋಕೆ! ಮಣ್ಣು ವಾಪಸ್ಸು ಹಾಕಿ!"

ಎಲ್ಲವೂ ನರಿಯ ಮುಖ ನೋಡಿದವು. ನರಿ ನಗುತ್ತಲೇ ಹೇಳಿತು:

"ಅಜ್ಜಿಗೆ ವಯಸ್ಸಾಯಿತು. ಹೊಳೆಯಮ್ಮನನ್ನು ಬೈದ ಬಾಯಿ ಇದು. ಇದನ್ನು ಹೀಗೇ ಬಿಟ್ಟರೆ ಅವಳ ಸಿಟ್ಟು ನಿಮ್ಮ ಮಕ್ಕಳ ಮೇಲೆ ಬರುತ್ತದೆ. ಗುಡ್ಡಯ್ಯ, ಅಜ್ಜಿಯನ್ನು ಅದರ ಕಲ್ಲಿನ ಹತ್ತಿರವೇ ಬಿಟ್ಟು ಬಾ. ಅಂಗಾತ ಮಲಗಿಸಿ ಬಾ."

ಆಮೆಯನ್ನು ಅಂಗಾತ ಹಾಕಿದರೆ ಏನಾಗುತ್ತದೆ ಎಂದು ಕೋಣಕ್ಕೆ ಗೊತ್ತಿತ್ತು. ಗೊತ್ತಿದ್ದೇ ಕೋಡಿನಿಂದ ಎತ್ತಿ ಹಾಕಿತು. ಬೇಸಿಗೆಯ ಉರಿಬಿಸಿಲು. ಅಜ್ಜಿ ನಾಲ್ಕು ಕಾಲೂ ಆಡಿಸುತ್ತಿತ್ತು. ಮಣ್ಣು ಹೊರುವವು ಆ ದಾರಿಯಲ್ಲೇ ಹೋಗಿ ಬಂದವು. ಒಂದೂ ಅದನ್ನು ಮಗುಚಲಿಲ್ಲ.

ಮಣ್ಣಕ್ಕ ಬಂದಾಗ ಅಜ್ಜಿ ಕಣ್ಣು ಬಿಟ್ಟಿತು.

"ಒಂಚೂರು ತಳ್ಳೇ, ಮಗಳೇ."

ಮಣ್ಣಕ್ಕ ಆಚೀಚೆ ನೋಡಿತು. ದಿಬ್ಬದ ಮೇಲೆ ನರಿ ಕೂತಿತ್ತು. "ಮರಿಗಳಿವೆ ಅಜ್ಜಿ, ನನ್ನ ಮರಿಗಳಿವೆ" ಎಂದು ಮುಂದೆ ಹೋಯಿತು. ಮೂರನೆಯ ದಿನ ಕಾಲುಗಳು ಆಡುವುದು ನಿಂತಿತು. ಇರುವೆಗಳು ಬಂದವು. ಹದ್ದು ಬಂದು ಕುಕ್ಕಿ ಕುಕ್ಕಿ ಹೊಟ್ಟೆಯ ಕಡೆಯ ಚಿಪ್ಪನ್ನು ಕಿತ್ತು ಹಾಕಿತು. ಕಲ್ಲಿನ ಪಕ್ಕದಲ್ಲಿ ಬೋಗುಣಿಯಂತೆ ಬೆನ್ನಿನ ಚಿಪ್ಪೊಂದು ಉಳಿಯಿತು.

ಮಳೆ ಶುರುವಾಯಿತು. ಮಣ್ಣಕ್ಕ ಕಣಜದ ಬಾಗಿಲಿಗೆ ಹೋಗಿ ಕೈಮುಗಿಯಿತು.

"ಒಡೆಯರೇ, ನನ್ನ ಬಿಲದ ಮೇಲೆ ಒಡ್ಡು ತೀರ ತೆಳುವಾಗಿದೆ. ಒಂದೇ ಒಂದು ದಿನ ಬಿಡುವು ಕೊಡಿ, ಹತ್ತು ಬುಟ್ಟಿ ಮಣ್ಣು ಹಾಕಿಕೊಳ್ಳುತ್ತೇನೆ."

"ಕಣಜದ ಗೋಡೆಗೆ ಇನ್ನೂ ಮಣ್ಣು ಮೆತ್ತಬೇಕು. ಈಗ ಯಾರ ಕೈಗೂ ಬಿಡುವಿಲ್ಲ, ಹೋಗು" ಎಂದಿತು ನರಿ.

ಅದಾಗಿ ನಾಲ್ಕನೆಯ ದಿನ, ನಡುಹಗಲಿನಲ್ಲಿ ಹೊಳೆ ಬಂತು. ಎಲ್ಲಿಂದ ಬಂತು ಗೊತ್ತೇ? ಮಣ್ಣು ಕೆರೆದ ಜಾಗದಿಂದಲೇ ನುಗ್ಗಿತು. ನರಿಯ ಮಂತ್ರವನ್ನೂ ಕೇಳಲಿಲ್ಲ, ಮೊಲದ ಅಳುವನ್ನೂ ಕೇಳಲಿಲ್ಲ.

ನರಿ ಮೊದಲ ಸದ್ದಿಗೇ ಕಣಜದೊಳಗೆ ಓಡಿ ಅಗಳಿ ಹಾಕಿಕೊಂಡಿತು. ಮೊಲ, ಅಳಿಲು, ಮುಂಗುಸಿ ಎಲ್ಲವೂ ಬಂದು ಬಾಗಿಲು ಬಡಿದವು.

"ಜಾಗವಿಲ್ಲ! ಹೊಳೆಯಮ್ಮನಿಗೆ ಬೇಡಿಕೊಳ್ಳಿ!" ಎಂದು ನರಿ ಒಳಗಿನಿಂದ ಕೂಗಿತು.

ಮಣ್ಣಕ್ಕ ಮನೆಯ ಕಡೆ ಓಡಿತು. ಬಿಲದೊಳಗೆ ನೀರು ನುಗ್ಗುತ್ತಿತ್ತು. ಒಂದು ಮರಿಯನ್ನು ಕಚ್ಚಿಕೊಂಡು ಹೊರಗೆ ಬಂತು. ಎಲ್ಲಿ ಇಡುವುದು? ಸುತ್ತ ನೀರು. ಆ ನೀರಿನ ಮೇಲೆ ಅಜ್ಜಿಯ ಚಿಪ್ಪು ತೇಲಾಡುತ್ತ ಗೆರೆಕಲ್ಲಿಗೆ ಬಡಿಯುತ್ತಿತ್ತು. ಮರಿಯನ್ನು ಅದರಲ್ಲಿ ಇಟ್ಟಿತು. ಎರಡನೆಯದನ್ನು ತಂದಿತು. ಮೂರನೆಯದನ್ನೂ ತಂದಿತು. ನಾಲ್ಕನೆಯದು ಎಲ್ಲಕ್ಕಿಂತ ಚಿಕ್ಕದು. ಅದಕ್ಕಾಗಿ ತಿರುಗುವಷ್ಟರಲ್ಲಿ ಒಡ್ಡು ಕುಸಿದು ಬಿಲದ ಮೇಲೆ ಬಿತ್ತು. ಬಿಲದ ಬಾಯಿಯೇ ಕಾಣಲಿಲ್ಲ.

ಮಣ್ಣಕ್ಕ ಚಿಪ್ಪಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಈಜಿತು. ಯಾರನ್ನು ಮಗುಚದೆ ದಾಟಿ ಹೋಗಿತ್ತೋ, ಆ ಅಜ್ಜಿಯ ಬೆನ್ನಿನಲ್ಲೇ ಅದರ ಮೂರು ಮರಿಗಳು ದಡ ಸೇರಿದವು.

ಸಂಜೆಗೆ ನೀರು ಇಳಿಯತೊಡಗಿತು. ಕೇರಿಯಲ್ಲಿ ಅರ್ಧಕ್ಕರ್ಧ ಜೀವ ಉಳಿದಿರಲಿಲ್ಲ. ನೀರು ದಿಬ್ಬವನ್ನೂ ಬಿಟ್ಟಿರಲಿಲ್ಲ. ಹೊಸ ಮಣ್ಣು ಇನ್ನೂ ಕಚ್ಚಿಕೊಂಡಿರಲಿಲ್ಲ, ತಳದಿಂದ ನೀರು ಒಸರಿ ಕಣಜದೊಳಗೆ ಏರಿತ್ತು. ಮನೆಯಲ್ಲಿ ಅಮ್ಮ ಹೆಸರುಕಾಳು ನೆನೆಹಾಕಿದ್ದನ್ನು ನೋಡಿದ್ದೀರಲ್ಲ? ಅರ್ಧ ಪಾತ್ರೆ ಕಾಳು ಬೆಳಗಾಗುವಷ್ಟರಲ್ಲಿ ಮುಚ್ಚಳ ಎತ್ತುತ್ತದೆ. ಇಲ್ಲಿ ನೆನೆದದ್ದು ಇಡೀ ಊರಿನ ಕಾಳು. ಬೆಳಿಗ್ಗೆಯ ಹೊತ್ತಿಗೆ ಅದು ಉಬ್ಬಿ ಬಾಗಿಲಿಗೆ ಒತ್ತಿ ಕೂತಿತ್ತು. ಒಳಕ್ಕೆ ತೆರೆಯುವ ಬಾಗಿಲು ಇನ್ನು ಹೇಗೆ ತೆರೆದೀತು?

"ಗುಡ್ಡಯ್ಯ! ಉಸಿರು ಕಟ್ಟುತ್ತಿದೆ! ಕೋಡಿನಿಂದ ಗೋಡೆ ಒಡೆಯೋ!" ಎಂದು ನರಿ ಚೀರಿತು.

ಕೋಣ ಹೊಟ್ಟೆಯವರೆಗೆ ಕೆಸರಿನಲ್ಲಿ ಹೂತಿತ್ತು. ಬೆನ್ನ ಮೇಲೆ ಐದು ಮೊಲದ ಮರಿಗಳು ಅಂಟಿಕೊಂಡಿದ್ದವು. ಅಲುಗಿದರೆ ಅವು ಬೀಳುತ್ತಿದ್ದವು. ಕೋಣ ಅಲುಗಲಿಲ್ಲ.

"ಮಣ್ಣಕ್ಕ! ನೀನಾದರೂ ಗೋಡೆ ತೋಡೇ, ನಿನಗೆ ಪುಣ್ಯ ಬರುತ್ತೆ!"

ಮಣ್ಣಕ್ಕ ಬಿಲವಿದ್ದ ಜಾಗದಲ್ಲಿ ಎರಡೂ ಕೈಯಲ್ಲಿ ಕೆಸರು ತೋಡುತ್ತಿತ್ತು. ತಲೆ ಎತ್ತಲಿಲ್ಲ.

"ಕೈಗೆ ಬಿಡುವಿಲ್ಲ, ಒಡೆಯರೇ."

ಅದು ಅಣಕದ ಮಾತಲ್ಲ. ನಿಜವಾಗಿಯೂ ಬಿಡುವಿರಲಿಲ್ಲ. ಮಧ್ಯಾಹ್ನ ಮಣ್ಣಕ್ಕನಿಗೆ ಮರಿ ಸಿಕ್ಕಿತು, ತಣ್ಣಗೆ ಸೆಟೆದುಕೊಂಡು. ಅಷ್ಟು ಹೊತ್ತಿಗೆ ಕಣಜದ ಕಡೆಯಿಂದ ಸದ್ದೂ ನಿಂತಿತ್ತು. ಕಾಳು ಕೊಳೆಯಿತು. ಆ ವರ್ಷ ತಿನ್ನಲು ಯಾರಿಗೂ ಏನೂ ಇರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಉಳಿದವು ಖಾಲಿ ಹೊಟ್ಟೆಯಲ್ಲೇ ಒಡ್ಡಿನ ಹತ್ತಿರ ಸೇರಿದವು. ಗೀಜಗಗಳ ಬುಟ್ಟಿಗಳೆಲ್ಲ ಹೊಳೆ ಪಾಲಾಗಿದ್ದವು. ಮಣ್ಣಕ್ಕ ಅಜ್ಜಿಯ ಚಿಪ್ಪಿನಲ್ಲಿ ಮಣ್ಣು ತುಂಬಿ, ಒಡ್ಡಿನಲ್ಲಿ ತನ್ನ ಮರಿಯನ್ನು ಹೂತ ಜಾಗದ ಮೇಲೆ ಸುರಿಯಿತು. ಆಮೇಲೆ ಚಿಪ್ಪನ್ನು ಕೋಣದ ಮುಂದೆ ಇಟ್ಟಿತು. ಕೋಣ ಅದನ್ನು ಕೋಡಿನಿಂದ ಎತ್ತಲು ಬಗ್ಗಿತು, ಎತ್ತಲಾರದೆ ಗೋಳೋ ಎಂದು ಅತ್ತಿತು. ಅತ್ತು ಮುಗಿದ ಮೇಲೆ ಎತ್ತಿ ಮಣ್ಣು ಹಾಕಿತು.

ನೀತಿ: ಊರನ್ನು ಕಾಯುವುದು ಎಲ್ಲರೂ ಸೇರಿ ಹಾಕಿದ ಮಣ್ಣು, ಆ ದುಡಿಮೆ ಬಿಟ್ಟು ಸುಲಭದ ಮಾತಿಗೆ ಮರುಳಾದರೆ, ಮೋಸ ಮಾಡಿದವನ ಜೊತೆಗೆ ನೋಡಿಯೂ ಸುಮ್ಮನಿದ್ದವರೂ ಮುಳುಗುತ್ತಾರೆ.