ತಪ್ಪದೆ ತಿರುಗಿದ ಆಂಟೆನಾ

“ಬುದ್ಧಿ, ಪೂಜೆಯಲ್ಲಿ ಎಲ್ಲಿ ತಪ್ಪಾಗುವುದೋ ಎಂಬ ಭಯ ಇರುವುದು ಒಳ್ಳೆಯದೇ ಅಲ್ಲವೇ?”

ಮಠದ ಶಿಷ್ಯ ಚನ್ನವೀರ ಹೀಗೆ ಕೇಳಿದ. ಬಿಲ್ವಪತ್ರೆ ಒಂದು ಕಡಿಮೆಯಾದರೂ, ಮಂತ್ರದ ಅಕ್ಷರ ಒಂದು ಜಾರಿದರೂ ಅವನು ಪೂಜೆಯನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಗುರುಗಳು ಕೂತುಕೋ ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಫ್ಯಾನು, ಪಂಪು ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದ. ಅವನ ತಮ್ಮ ದೂರದ ದ್ವೀಪವೊಂದರಲ್ಲಿ, ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ ಕಾಯುತ್ತಿದ್ದ. ಅಣ್ಣತಮ್ಮಂದಿರಿಬ್ಬರಿಗೂ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವ ಹುಚ್ಚು. ಪರೀಕ್ಷೆ ಬರೆದು ಪರವಾನಗಿ ಪಡೆದಿದ್ದರು. ಹವ್ಯಾಸಿಗಳಿಗೆಂದೇ ಹಾರಿಬಿಟ್ಟ ಪುಟ್ಟ ಉಪಗ್ರಹವೊಂದು ಆಕಾಶದಲ್ಲಿ ಹಾದುಹೋಗುವಾಗ ಅದರ ಮೂಲಕ ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ಕೇಳಿಸುತ್ತಿತ್ತು. ಅದು ಹನ್ನೆರಡು ನಿಮಿಷದಲ್ಲಿ ಹಾದುಹೋಗುತ್ತದೆ. ಯಾರಿಗಾಗಿಯೂ ನಿಲ್ಲುವುದಿಲ್ಲ. ಅಷ್ಟು ಹೊತ್ತೂ ಆಂಟೆನಾದ ಮೂತಿ ಅದರತ್ತಲೇ ತಿರುಗುತ್ತಿರಬೇಕು. ಕೊಂಚ ಹಿಂದೆ ಬಿದ್ದರೂ ಮಾತು ಗರಗರ ಸದ್ದಿನಲ್ಲಿ ಮುಳುಗುತ್ತದೆ.

ಒಂದು ವರ್ಷ ಆ ದ್ವೀಪಕ್ಕೆ ಚಂಡಮಾರುತ ಬಡಿಯಿತು. ಫೋನುಗಳು ನಿಂತುಹೋದವು. ತಮ್ಮ, ಅವನ ಹೆಂಡತಿ, ಎರಡು ವರ್ಷದ ಮಗು ಏನಾದರೋ ತಿಳಿಯಲಿಲ್ಲ. ರಕ್ಷಣೆಯ ದೋಣಿಯವರು ಹೊರಡಲು ಸಿದ್ಧರಿದ್ದರು, ದೀಪಸ್ತಂಭ ಬಿದ್ದುಹೋದ ಮೇಲೆ ತಮ್ಮನ ಮನೆಯವರನ್ನು ಎಲ್ಲಿ ಹುಡುಕಬೇಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೆಕ್ಯಾನಿಕ್ ಮಹಡಿಯ ಮೇಲೆ ನಿಂತು ಆಂಟೆನಾವನ್ನು ಕೈಯಲ್ಲೇ ತಿರುಗಿಸುತ್ತ ಕಿವಿಗೊಟ್ಟ. “ಅಣ್ಣಾ, ನೀರು...” ಎಂಬಷ್ಟು ತಮ್ಮನ ದನಿ ಬಂತು. ಭಯಕ್ಕೆ ಅವನ ಕೈ ಅದುರಿತು, ಆಂಟೆನಾ ವಾಲಿತು, ಮಾತು ಹೋಯಿತು.

ಈ ಹಾಳು ಕೈಯನ್ನು ನಂಬಬಾರದು ಎಂದುಕೊಂಡ. ಯಂತ್ರಕ್ಕೆ ತಮ್ಮನಿಲ್ಲ, ಅದು ನಡುಗುವುದಿಲ್ಲ. ಲಾರಿಯ ವೈಪರ್ ಮೋಟಾರು ಎರಡು ತಂದ. ಒಂದು ಆಂಟೆನಾವನ್ನು ಸುತ್ತ ತಿರುಗಿಸಲು, ಇನ್ನೊಂದು ಅದನ್ನು ಎತ್ತಿ ಇಳಿಸಲು. ಸೈಕಲ್ಲಿನ ಚೈನು, ಹಲ್ಲುಚಕ್ರ ಜೋಡಿಸಿದ. ಉಪಗ್ರಹದ ದಾರಿ ಹಿಡಿದು ಮೋಟಾರುಗಳಿಗೆ ಅಪ್ಪಣೆ ಕೊಡುವ ಕೆಲಸವನ್ನು ಹಳೆಯ ಕಂಪ್ಯೂಟರಿಗೆ ಒಪ್ಪಿಸಿದ. ಎರಡು ದಿನ ಅನ್ನ ನಿದ್ದೆ ಬಿಟ್ಟ. ಯಂತ್ರ ಸೊಗಸಾಗಿ ತಿರುಗಿತು. ಇನ್ನು ಕೈಗೆ ಕೆಲಸವಿಲ್ಲ, ಕಿವಿಯೊಂದಿದ್ದರೆ ಸಾಕು.

ಆದರೆ ಭಯ ಅಷ್ಟು ಸುಲಭಕ್ಕೆ ಬಿಟ್ಟೀತೇ? ಕೈಯಿಂದ ಇಳಿದು ಯಂತ್ರದ ಮೇಲೆ ಹತ್ತಿ ಕೂತಿತು. ಚೈನು ಹಲ್ಲು ತಪ್ಪಿದರೆ? ಕೇಬಲ್ಲು ಕಂಬಕ್ಕೆ ಸುತ್ತಿಕೊಂಡು ಕಿತ್ತು ಬಂದರೆ? ಮೋಟಾರು ಸುಟ್ಟರೆ?

ಮೂರನೆಯ ದಿನ ಬೆಳಿಗ್ಗೆ ಉಪಗ್ರಹ ದಿಗಂತದಿಂದ ಮೇಲೆ ಬಂತು. ಮೋಟಾರು ಗುಂಯ್‌ಗುಟ್ಟಿತು. ಹೆಡ್‌ಫೋನಿನಲ್ಲಿ ತಮ್ಮನ ದನಿ, ಎದುರಿಗೆ ಕೂತು ಮಾತಾಡಿದಷ್ಟು ಸ್ವಚ್ಛವಾಗಿ ಬಂತು. ಬದುಕಿದ್ದಾನೆ ಎಂದು ಮೆಕ್ಯಾನಿಕ್‌ಗೆ ಅಳು ಬಂತು. ಮರುಗಳಿಗೆಯೇ, ಈ ದನಿ ಈಗ ಕಡಿದುಹೋದರೆ ಎಂದು ಯಂತ್ರದತ್ತ ತಿರುಗಿದ. ಕೈಯಲ್ಲಿ ಮೈಕು, ಕಣ್ಣು ಚೈನಿನ ಮೇಲೆ. ಒಂದೊಂದು ಹಲ್ಲು ಕೂತಾಗಲೂ ಉಸಿರು ಬಿಟ್ಟ. ಕೇಬಲ್ಲು ಬೋಲ್ಟಿಗೆ ತಗಲುವಂತಾದಾಗ ಬೆರಳಿನಿಂದ ಎತ್ತಿ ದಾಟಿಸಿದ. ಮೋಟಾರು ಬಿಸಿಯಾಯಿತೇ ಎಂದು ಮುಟ್ಟಿ ಮುಟ್ಟಿ ನೋಡಿದ. ತಮ್ಮ ನಡುನಡುವೆ ನಿಲ್ಲಿಸಿ, ಕೇಳಿಸುತ್ತಿದೆಯೇ ಎಂದಾಗಲೆಲ್ಲ ಗುಂಡಿ ಒತ್ತಿ, ಚೆನ್ನಾಗಿ ಕೇಳಿಸುತ್ತಿದೆ, ಹೇಳು ಎಂದ. ಕೇಳಿಸುತ್ತಿದ್ದದ್ದು ಸುಳ್ಳಲ್ಲ. ಹಾಗಾಗಿ ತಮ್ಮ ಯಾವುದನ್ನೂ ಎರಡನೆಯ ಸಲ ಹೇಳಲಿಲ್ಲ.

ಆಂಟೆನಾ ಆ ಕಡೆಯ ದಿಗಂತಕ್ಕೆ ಬಾಗಿತು. ಇನ್ನು ಅರ್ಧ ನಿಮಿಷ. ಹಲ್ಲೊಂದೂ ತಪ್ಪಿರಲಿಲ್ಲ. ಗೆದ್ದೆ ಎಂದುಕೊಂಡು ಮೆಕ್ಯಾನಿಕ್ ಚೈನಿನಿಂದ ಕಣ್ಣು ತೆಗೆದ. ಆಗ ತಮ್ಮನ ಮಾತು ಅವನ ಮನಸ್ಸಿಗೆ ಇಳಿಯಿತು.

“ಬ್ಯಾಟರಿ ಮುಗೀತು ಅಣ್ಣಾ, ಇನ್ನು ಮಾತಾಡಕ್ಕಾಗಲ್ಲ. ದೋಣಿಯವರಿಗೆ ನಾನು ಹೇಳಿದ ಜಾಗಾನೇ ಹೇಳು. ಬೇರೆ ಕಡೆ ಹುಡುಕಿದ್ರೆ ನಾವು ಸಿಗಲ್ಲ.”

ಆಮೇಲೆ ಬರಿಯ ಗರಗರ ಸದ್ದು. ಮೆಟ್ಟಿಲ ಮೇಲೆ ತಾಯಿ ನಿಂತಿದ್ದಳು.

“ಎಲ್ಲವ್ನಂತೆ ನನ್ನ ಮಗ? ಏನ್ ಹೇಳ್ದ?”

ಮೆಕ್ಯಾನಿಕ್ ಬಾಯಿ ತೆರೆದ. ಚೈನಿನ ಯಾವ ಕೊಂಡಿಗೆ ಎಣ್ಣೆ ಸಾಲದು ಎಂಬುದು ಅವನಿಗೆ ಗೊತ್ತಿತ್ತು. ತಮ್ಮ ಎಲ್ಲಿದ್ದಾನೆ ಎಂಬುದು ಗೊತ್ತಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆ ತಮ್ಮ ಉಳಿದನೇ ಎಂದು ಚನ್ನವೀರ ಮೆಲ್ಲಗೆ ಕೇಳಿದ. ಗುರುಗಳು ಅವನನ್ನೇ ತಿರುಗಿ ಕೇಳಿದರು.

“ಈ ಬೆಳಿಗ್ಗೆ ನೀನು ಒಂದಕ್ಷರವೂ ತಪ್ಪದೆ ಪೂಜೆ ಮಾಡಿದೆಯಲ್ಲ, ಶಿವ ಏನೆಂದ?”